ಸೋರಲೇಬೇಕಾದ ವಾಲ್ವು

ಅಂದು ಬೆಳಿಗ್ಗೆ ಬಣ್ಣದ ಮನೆಯಲ್ಲಿ ನೀರು ಸೋರುತ್ತಿರಲಿಲ್ಲ. ಹೇಗೂರಾಯರ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಬೇರೆ ಯಾರೇ ಆಗಿದ್ದರೂ ಸಂತೋಷಪಡುತ್ತಿದ್ದರು. ಆ ಟವೆಲ್ ಕಾರ್ಖಾನೆಯಲ್ಲಿ ಬಣ್ಣ ಹಾಕಿದ ಬಟ್ಟೆ ತೊಳೆಯುವ ದೊಡ್ಡ ತೊಟ್ಟಿಯೊಂದಿತ್ತು. ಅದರ ಪಕ್ಕದ ವಾಲ್ವು ಕುತ್ತಿಗೆ ಸೀಳಿ ಹೆಬ್ಬೆರಳು ಗಾತ್ರದ ಧಾರೆ ಬಿಡುತ್ತ ಬಂದು ವರ್ಷಗಳೇ ಆಗಿದ್ದವು. ಹಗಲೂ ರಾತ್ರಿ ಸೋರಿದ ನೀರು ನೆಲವನ್ನೆಲ್ಲ ತೋಯಿಸಿ, ಓಡಾಡುವವರನ್ನು ಆಗಾಗ ಜಾರಿಸಿ ಬೀಳಿಸಿ, ನೆಮ್ಮದಿಯಾಗಿ ಚರಂಡಿ ಸೇರುತ್ತಿತ್ತು. ಇವತ್ತು ಬಾಗಿಲಲ್ಲಿ ನಿಂತ ಹೇಗೂರಾಯರಿಗೆ ಆ ಜುಳುಜುಳು ಕೇಳಲಿಲ್ಲ. ನೆಲ ಒಣಗಿ ಬೆಳ್ಳಗಾಗಿತ್ತು. ಹಳೆಯ ವಾಲ್ವಿನ ಜಾಗದಲ್ಲಿ ಹಿತ್ತಾಳೆಯ ಹೊಚ್ಚಹೊಸ ವಾಲ್ವೊಂದು ಮದುಮಗನ ಹಾಗೆ ಮಿಂಚುತ್ತ ಕೂತಿತ್ತು.

ಹೇಗೂರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಕೊಟ್ಟದ್ದು. ಅಲ್ಲಿಯ ವೆಚ್ಚ ವಿಭಾಗಕ್ಕೆ ಅವರೇ ಮುಖ್ಯಸ್ಥರು, ಅವರೇ ಗುಮಾಸ್ತರು. ಯಾರು ಏನೇ ಹೊಸದು ಕೇಳಿದರೂ ಅದನ್ನು ತೂಗಿ ನೋಡಿ ಬೇಕು ಅಥವಾ ಬೇಡ ಎಂದು ಯಜಮಾನರಿಗೆ ಹೇಳುವುದು ಅವರ ಕೆಲಸ. ತೂಗುವುದಕ್ಕೆ ಅವರ ಹತ್ತಿರ ಒಂದೇ ತಕ್ಕಡಿ: ಹೇಗೂ ಕೊಡುತ್ತಿರುವುದು ಖರ್ಚಲ್ಲ. ಬಟ್ಟೆಯ ಮೂಟೆ ಸಾಗಿಸಲು ತಳ್ಳುಗಾಡಿ ಕೇಳಿದರೆ, "ಆಳುಗಳಿಗೆ ಹೇಗೂ ಸಂಬಳ ಕೊಡ್ತಾ ಇದ್ದೀವಿ, ಹೊತ್ಕೊಂಡು ಹೋಗ್ಲಿ" ಎನ್ನುತ್ತಿದ್ದರು. ಫ್ಯಾನು ಕೇಳಿದರೆ, "ಕಿಟಕಿ ಹೇಗೂ ಇದೆ." ಈ ವಾಲ್ವಿನ ವಿಷಯದಲ್ಲೂ ಅದೇ ಆಗಿತ್ತು. ಹೊಸದನ್ನು ಯಾರೋ ಹಿಂದೆಯೇ ತಂದಿಟ್ಟಿದ್ದರು. ಆದರೆ ಹಾಕಲು ಅರ್ಧ ದಿನ ಕೆಲಸ ನಿಲ್ಲಿಸಬೇಕು. "ಅರ್ಧ ದಿನ ಅಂದ್ರೆ ಖರ್ಚು. ನೀರು ನಮ್ಮ ಬಾವೀದೇ, ಹೇಗೂ ಬರ್ತಾ ಇದೆ" ಎಂದು ರಾಯರು ತೀರ್ಪು ಕೊಟ್ಟಿದ್ದರು. ಹೊಸ ವಾಲ್ವು ಉಗ್ರಾಣದಲ್ಲಿ ಮಲಗಿತು, ಹಳೆಯದು ಸೋರುತ್ತ ಹೋಯಿತು.

ಈಗ ಆ ಸೋರಿಕೆಗೆ ಬೆಲೆ ಬಂದಿತ್ತು. ಕಾರ್ಖಾನೆಯ ಟವೆಲುಗಳಲ್ಲಿ ಮುಕ್ಕಾಲುಪಾಲು ಕೊಳ್ಳುವ ದೊಡ್ಡ ಗಿರಾಕಿಗೆ ಇದ್ದಕ್ಕಿದ್ದಂತೆ ಭೂಮಿಯ ಮೇಲೆ ಕಾಳಜಿ ಹುಟ್ಟಿತ್ತು. ನೀರು ಉಳಿಸುವವರ ಹತ್ತಿರ ಮಾತ್ರ ಇನ್ನು ಮುಂದೆ ವ್ಯಾಪಾರ ಎಂದು ಹೇಳಿ ಕಳಿಸಿದ್ದ. ಬಳಸಿದ ನೀರನ್ನೆಲ್ಲ ಶುದ್ಧ ಮಾಡಿ ಮತ್ತೆ ಬಳಸುವ ದೊಡ್ಡ ಯಂತ್ರ ಹಾಕಿಸಿದರೆ, ಅರ್ಧ ಖರ್ಚು ತಾನೇ ಕೊಡುತ್ತೇನೆಂದೂ ಒಪ್ಪಿದ್ದ. ಆದರೆ ನೀರು ನಿಜವಾಗಿ ಪೋಲಾಗುತ್ತಿರುವುದನ್ನು ಅವನ ಕಡೆಯವರು ಬಂದು ಕಣ್ಣಾರೆ ನೋಡಬೇಕು. ಪೋಲೇ ಆಗದಿದ್ದರೆ ಉಳಿಸುವುದಾದರೂ ಏನನ್ನು? ಆ ತಪಾಸಣೆ ಇದ್ದದ್ದು ಇವತ್ತೇ.

ಯಂತ್ರ ಬಂದರೆ ಅದಕ್ಕೊಂದು ಹೊಸ ವಿಭಾಗ, ಅದಕ್ಕೆ ಹೇಗೂರಾಯರೇ ಮುಖ್ಯಸ್ಥರು, ಕಿಟಕಿಯಿರುವ ಕೋಣೆ, ಬಾಗಿಲಿಗೆ ಬೋರ್ಡು ಎಂದು ಯಜಮಾನರು ಮಾತು ಕೊಟ್ಟಿದ್ದರು. ಯಂತ್ರ ಬರದಿದ್ದರೆ ಏನೆಂಬುದನ್ನೂ ನಗುನಗುತ್ತಲೇ ಹೇಳಿದ್ದರು: "ಮುಂದಿನ ತಿಂಗಳಿಂದ ವೆಚ್ಚದ ಲೆಕ್ಕ ಎಲ್ಲಾ ಕಂಪ್ಯೂಟರೇ ಮಾಡುತ್ತಂತೆ ರಾಯರೇ. ನಿಮ್ಮನ್ನ ಎಲ್ಲಿ ಕೂರಿಸ್ಲಿ ಅಂತ ನನಗೂ ಚಿಂತೆ." ಆ ಕೊನೆಯ ಮಾತನ್ನು ರಾಯರು ಹೆಂಡತಿಗೆ ಹೇಳಿರಲಿಲ್ಲ. ಬೋರ್ಡಿನ ವಿಷಯ ಮಾತ್ರ ಹೇಳಿದ್ದರು. ಆಕೆ ಅದನ್ನು ಬೀದಿಗೆಲ್ಲ ಹೇಳಿ, ಸಂಜೆ ತನ್ನ ಅಣ್ಣನನ್ನೂ ಮನೆಗೆ ಕರೆದಿದ್ದಳು. ಆ ಅಣ್ಣ ಬ್ಯಾಂಕಿನ ಅಧಿಕಾರಿ. ರಾಯರನ್ನು ಕಂಡಾಗಲೆಲ್ಲ "ಇನ್ನೂ ಅದೇ ಕುರ್ಚೀನಾ?" ಎಂದು ಕೇಳುವುದು ಅವನ ವಾಡಿಕೆ.

"ಯಾರು ಹಾಕಿದ್ದು ಇದನ್ನ?" ರಾಯರು ಕೂಗಿದರು.

ಬಣ್ಣದ ಮನೆಯ ಮೇಲ್ವಿಚಾರಕಿ ತೊಟ್ಟಿಯ ಹಿಂದಿನಿಂದ ಬಂದಳು. ಎಲ್ಲರೂ ಬಣ್ಣದಕ್ಕ ಎಂದೇ ಕರೆಯುವ ಗಟ್ಟಿ ಹೆಂಗಸು. ಮೊಣಕೈವರೆಗೆ ನೀಲಿ. "ಫಿಟ್ಟರಣ್ಣ ಹಾಕಿದ. ನಿನ್ನೆ ರಜ ಇತ್ತಲ್ಲ. ಪುಣ್ಯ ಬರ್ಲಿ ಅವನಿಗೆ, ಕಾಲಿಗೆ ಒಣ ನೆಲ ತಾಗಿ ಎಷ್ಟು ಕಾಲ ಆಗಿತ್ತು!"

"ಹಾಕು ಅಂತ ಯಾರು ಹೇಳಿದ್ದು ಅವನಿಗೆ?"

"ನೀವೇ" ಎನ್ನುತ್ತ ಫಿಟ್ಟರನೇ ಬಂದ. ತೆಳ್ಳಗೆ ಎತ್ತರದ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. "ತಪಾಸಣೆಗೆ ಬರ್ತಾರೆ, ಒಂದು ಕೊರತೆಯೂ ಕಣ್ಣಿಗೆ ಬೀಳಬಾರದು, ಬಿದ್ರೆ ಆಯಾ ವಿಭಾಗದವರೇ ಹೊಣೆ ಅಂತ ನೋಟೀಸು ಅಂಟಿಸಿದ್ರಲ್ಲ. ನನ್ನ ವಿಭಾಗದಲ್ಲಿದ್ದ ಕೊರತೆ ಇದೊಂದೇ. ರಜದ ದಿನ ಬಂದು ಹಾಕಿದೀನಿ. ಒಂದು ಹನಿ ಸೋರಿದ್ರೆ ಮೀಸೆ ಬೋಳಿಸ್ತೀನಿ."

ನೋಟೀಸು ಹೇಗೂರಾಯರದೇ. ಗೋಡೆಯ ಬಿರುಕು, ಹರಿದ ಪರದೆ, ಅಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ಸಾಹದಿಂದ ಬರೆದದ್ದು. ವಾಲ್ವೊಂದನ್ನು ಬಿಟ್ಟು ಎಂದು ಸೇರಿಸುವುದು ಅವರಿಗೆ ಹೊಳೆದಿರಲಿಲ್ಲ.

"ಅಯ್ಯಾ, ಇದು ಸೋರ್ಬೇಕು ಕಣಯ್ಯಾ" ಎಂದರು ಮೆಲ್ಲಗೆ. "ಇವತ್ತು ಮಧ್ಯಾಹ್ನದವರೆಗಾದ್ರೂ ಸೋರ್ಲೇಬೇಕು. ಹಳೇದನ್ನ ವಾಪಸ್ ಹಾಕು."

ಫಿಟ್ಟರ್ ಕಣ್ಣು ಕಿರಿದು ಮಾಡಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾನು ಸೋರೋದನ್ನ ನಿಲ್ಲಿಸೋನು. ಸೋರಿಸೋಕೆ ಬೇರೆಯವ್ರನ್ನ ನೋಡ್ಕೊಳ್ಳಿ. ಹಳೇದು ಬೆಳಿಗ್ಗೆನೇ ಗುಜರಿಗೆ ಹೋಯ್ತು."

"ಜಾರಿ ಬೀಳೋಕೆ ನಮಗೂ ಬೇರೆಯವ್ರನ್ನ ನೋಡಿ" ಎಂದಳು ಬಣ್ಣದಕ್ಕ. "ಹೋದ ಸಲ ಸೊಂಟ ಉಳುಕಿ ಮನೇಲಿ ಬಿದ್ದಿದ್ದೆನಲ್ಲ, ಅದಕ್ಕೆ ನಿಮ್ಮ ಲೆಕ್ಕದಲ್ಲಿ ಎಷ್ಟು ಹಾಕಿದ್ರಿ?"

"ಕಾಯಿಲೆ ರಜ ಹೇಗೂ ಇತ್ತಲ್ಲಮ್ಮ" ಎಂದವರೇ ರಾಯರು ಗುಜರಿ ಅಂಗಡಿಯ ದಾರಿ ಹಿಡಿದರು.

ಗುಜರಿಯವನು ಹಿಂದಿನ ಬೀದಿಯಲ್ಲಿ ಕಬ್ಬಿಣದ ಗುಡ್ಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ಏದುಸಿರು ಬಿಡುತ್ತ ಬಂದವರು ವಾಲ್ವು ಬೇಕೆಂದ ಕೂಡಲೇ ಅವನ ಕಿವಿ ನೆಟ್ಟಗಾಯಿತು. ಕೆಳಗಿಳಿದು ಒಂದನ್ನು ಎತ್ತಿ ಒರೆಸಿ ಕೊಟ್ಟ.

"ತಗೊಳ್ಳಿ. ಒಂದು ತೊಟ್ಟೂ ಸೋರಲ್ಲ."

"ಸೋರೋದು ಬೇಕು."

"ಏನಂದ್ರಿ?"

"ಬೆಳಿಗ್ಗೆ ನಮ್ಮ ಕಾರ್ಖಾನೆಯಿಂದ ಬಂತಲ್ಲ, ಕುತ್ತಿಗೆ ಸೀಳಿರೋದು. ಅದೇ ಬೇಕು."

ಅವನು ಇಷ್ಟು ವರ್ಷ ಸೋರುವ ಸಾಮಾನನ್ನು ಸೋರದ್ದೆಂದು ಆಣೆ ಇಟ್ಟು ಮಾರಿದವನು. ಸೋರುವುದೇ ಬೇಕೆಂಬ ಗಿರಾಕಿಯನ್ನು ಕಂಡದ್ದು ಇದೇ ಮೊದಲು. ಆದರೂ ವ್ಯಾಪಾರ ಮರೆಯಲಿಲ್ಲ. ಗುಡ್ಡೆಯಿಂದ ಹಳೆಯ ವಾಲ್ವನ್ನು ಹೆಕ್ಕಿ ಅಂಗೈಯಲ್ಲಿಟ್ಟು ತೂಗುತ್ತ, "ಇದು ಅಪರೂಪದ ಮಾಲು" ಎಂದ.

"ತೂಕಕ್ಕೆ ಹಾಕಿದ್ದು ಕಣಯ್ಯಾ ಅದು!"

"ತೂಕಕ್ಕೆ ಬಂದಿದ್ದು ನಿಜ. ಆದ್ರೆ ಇಂಥ ಸೀಳು ಎಲ್ಲಿ ಸಿಗುತ್ತೆ ಹೇಳಿ? ಹೊಸದನ್ನ ಬೇಕಾದ್ರೆ ಅಂಗಡಿಗೆ ಹೋಗಿ ತನ್ನಿ, ಸೋರಿಸ್ಕೊಳ್ಳೋಕೆ ವರ್ಷಗಟ್ಟಲೆ ಆಗುತ್ತೆ."

ಮಾತಿನಲ್ಲಿ ನ್ಯಾಯವಿತ್ತು. ಚೌಕಾಸಿ ಮಾಡುತ್ತಿರುವಾಗಲೇ ಹೆಂಡತಿಯ ಫೋನು ಬಂತು.

"ಬೋರ್ಡು ಹಾಕಿದ್ರಾ? ಅಣ್ಣ ಸಾಯಂಕಾಲ ಬ್ಯಾಂಕಿಂದ ನೇರವಾಗಿ ಮನೆಗೇ ಬರ್ತಾನಂತೆ. ಕೋಣೆ ಫೋಟೋ ಕಳ್ಸಿ."

"ಸ್ವಲ್ಪ ಕೆಲಸ ಇದೆ ಕಣೆ..."

"ಅದೇನು ಕಬ್ಬಿಣದ ಸದ್ದು?"

"ಕೋಣೆ ರಿಪೇರಿ ನಡೀತಿದೆ" ಎಂದು ಫೋನಿಟ್ಟು, ರಾಯರು ಜೇಬಿನಲ್ಲಿದ್ದದ್ದನ್ನೆಲ್ಲ ಗುಜರಿಯವನ ಕೈಗೆ ಸುರಿದರು. ಹೊಸ ವಾಲ್ವಿಗಿಂತ ಹೆಚ್ಚೇ ಆಯಿತು. ಹಳೆಯದನ್ನು ಕೂಸಿನ ಹಾಗೆ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಿದರು.

ಕಾರ್ಖಾನೆ ಮುಟ್ಟುವ ಹೊತ್ತಿಗೆ ಊಟದ ಗಂಟೆ ಬಾರಿಸಿತ್ತು. ಬಣ್ಣದ ಮನೆಯಲ್ಲಿ ಯಾರೂ ಇರಲಿಲ್ಲ. ಫಿಟ್ಟರಿನ ಸ್ಪ್ಯಾನರ್ ಗೋಡೆಗೆ ನೇತುಬಿದ್ದಿತ್ತು. ಹೇಗೂರಾಯರು ಆಯುಷ್ಯದಲ್ಲಿ ಸ್ಪ್ಯಾನರ್ ಹಿಡಿದವರಲ್ಲ. ಆದರೆ ಅದು ಬೇಕೋ ಬೇಡವೋ ಎಂದು ಎಷ್ಟೋ ಸಲ ತೀರ್ಮಾನಿಸಿದವರು. ಮೊದಲು ಮುಖ್ಯ ಪೈಪನ್ನು ಮುಚ್ಚಬೇಕೆಂಬಷ್ಟು ಅವರಿಗೂ ಗೊತ್ತಿತ್ತು. ಗೋಡೆಯಲ್ಲಿ ಎರಡು ಚಕ್ರಗಳಿದ್ದವು. ಹತ್ತಿರದ್ದನ್ನು ತಿರುಗಿಸಿ ಬಿಗಿಯಾಗಿ ಮುಚ್ಚಿದರು. ಅದು ಕ್ಯಾಂಟೀನಿನ ಚಕ್ರ. ಅತ್ತ ಸೋಪು ಹಚ್ಚಿದ ಕೈಗಳನ್ನು ಮೇಲೆತ್ತಿಕೊಂಡು ಜನ "ನೀರು! ನೀರು!" ಎಂದು ಕೂಗತೊಡಗಿದ್ದು ಇವರಿಗೆ ಕೇಳಿಸಲಿಲ್ಲ.

ಹೊಸ ವಾಲ್ವು ಒಂದು ಸುತ್ತು ಬಂತು. ಎರಡನೆಯ ಸುತ್ತೂ ಬಂತು. ಆಮೇಲೆ ಅದು ತಾನಾಗಿಯೇ ಹಾರಿತು.

ಬಾವಿಯ ನೀರೆಲ್ಲ ಅವರೊಬ್ಬರನ್ನೇ ಹುಡುಕಿಕೊಂಡು ಬಂದಂತಿತ್ತು. ಮೊದಲ ಹೊಡೆತಕ್ಕೆ ಕನ್ನಡಕ ಹೋಯಿತು. ಎರಡನೆಯದಕ್ಕೆ ಪಕ್ಕದಲ್ಲಿ ಕಲಸಿಟ್ಟಿದ್ದ ನೀಲಿ ಬಣ್ಣದ ಕೊಳಗ ಉರುಳಿ ತಲೆಯ ಮೇಲೆ ಬಿತ್ತು. ರಾಯರು ಕಣ್ಣು ಮುಚ್ಚಿಕೊಂಡೇ ಅಂಗಿಯೊಳಗಿನ ಹಳೆಯ ವಾಲ್ವನ್ನು ತೆಗೆದು ಪೈಪಿನ ಬಾಯಿಗೆ ಒತ್ತಿ ತಿರುಗಿಸಿದರು. ಹೇಗೋ ಕಚ್ಚಿಕೊಂಡಿತು. ಆದರೆ ಮೊದಲು ಹೆಬ್ಬೆರಳು ಗಾತ್ರ ಸೋರುತ್ತಿದ್ದದ್ದು ಈಗ ತೋಳಿನ ಗಾತ್ರ ಸೋರತೊಡಗಿತು. ಹೀಗೇ ಬಿಟ್ಟರೆ ತಪಾಸಣೆಯವರು ಬರುವಷ್ಟರಲ್ಲಿ ಬಟ್ಟೆಯ ಮೂಟೆಗಳೆಲ್ಲ ತೇಲಿಹೋಗುತ್ತಿದ್ದವು. ರಾಯರು ಎರಡೂ ಅಂಗೈ ಒತ್ತಿದರು. ಸಾಲದೆ ಎದೆ ಒತ್ತಿದರು. ಕೊನೆಗೆ ಪೈಪನ್ನೇ ತಬ್ಬಿಕೊಂಡು, ಕಾಲನ್ನೂ ಸುತ್ತಿ, ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕಂತೆ ಗಟ್ಟಿಯಾಗಿ ನಿಂತರು. ಧಾರೆ ತೊಟ್ಟಿಕ್ಕುವಷ್ಟಕ್ಕೆ ಇಳಿಯಿತು.

ಬಾಗಿಲು ತೆರೆದದ್ದು ಆಗಲೇ.

ಯಜಮಾನರು ಮುಂದಿದ್ದರು. ಅವರ ಹಿಂದೆ ಗಿರಾಕಿಯ ಕಡೆಯಿಂದ ತಪಾಸಣೆಗೆ ಬಂದ ಅಮ್ಮ, ಬೆಳ್ಳಿಕೂದಲಿನ, ಸಣ್ಣ ದನಿಯ, ಹೇಳಿದ ಹೊತ್ತಿಗಿಂತ ಮುಂಚೆಯೇ ಬರುವ ಜಾತಿಯ ಹೆಂಗಸು. ಅವರ ಹಿಂದೆ ಕ್ಯಾಂಟೀನಿನಿಂದ ಸೋಪಿನ ಕೈಯಲ್ಲೇ ಓಡಿಬಂದ ಫಿಟ್ಟರ್, ಬಣ್ಣದಕ್ಕ ಮತ್ತು ಅರ್ಧ ಕಾರ್ಖಾನೆ.

"ಇವರು ಏನ್ ಮಾಡ್ತಿದ್ದಾರೆ?" ಎಂದು ಆ ಅಮ್ಮ ಕೇಳಿದಳು.

ಯಜಮಾನರು ಕತ್ತು ಮುಂದೆ ಚಾಚಿ ನೋಡಿದರು. ಪೈಪಿಗೆ ಅಂಟಿಕೊಂಡ ಆ ನೀಲಿ ಮನುಷ್ಯ ಯಾರೆಂಬುದೇ ಅವರಿಗೆ ತಿಳಿದಿರಲಿಲ್ಲ.

ಮಾತಾಡಿದವಳು ಬಣ್ಣದಕ್ಕ. ಕನಿಕರದಿಂದಲೋ ಕೀಟಲೆಯಿಂದಲೋ ಅವಳಿಗೇ ಗೊತ್ತು. "ನಮ್ಮ ಹೇಗೂರಾಯರು ಕಣಮ್ಮಾ. ನೀರು ಅಂದ್ರೆ ಪ್ರಾಣ. ವಾಲ್ವು ಸೋರ್ತಾ ಇದ್ರೆ ಅವರಿಗೆ ಊಟ ಸೇರಲ್ಲ. ನೋಡಿ, ಹೆಂಗೆ ತಡ್ಕೊಂಡು ನಿಂತಿದಾರೆ."

ತಪಾಸಣೆಯ ಅಮ್ಮ ಹತ್ತಿರ ಬಂದಳು. ವಾಲ್ವಿನ ಕೆಳಗೆ ಒಂದು ಚೊಂಬು ಹಿಡಿದು ಕಾದಳು. ಅದು ತುಂಬಲೇ ಇಲ್ಲ.

"ಎಷ್ಟೋ ಕಾರ್ಖಾನೆ ನೋಡಿದೀನಿ" ಎಂದಳು. "ಎಲ್ಲಾ ಕಡೆ ಪರದೆ ಮೇಲೆ ಹಸಿರು ಹಸಿರು ಚಿತ್ರ ತೋರಿಸ್ತಾರೆ. ಮೈ ಒದ್ದೆ ಮಾಡ್ಕೊಂಡವ್ರನ್ನ ಯಾರೂ ತೋರಿಸಿರ್ಲಿಲ್ಲ. ಇಂಥವರು ಇರೋ ಕಡೆ ಅಷ್ಟು ದೊಡ್ಡ ಯಂತ್ರ ಯಾಕೆ ಬೇಕು? ಇಲ್ಲಿ ನೀರೇ ಪೋಲಾಗ್ತಿಲ್ಲ."

ರಾಯರಿಗೆ ಅಳು ಬಂತು. ಮೈಯೆಲ್ಲ ಒದ್ದೆಯಾದ್ದರಿಂದ ಯಾರಿಗೂ ಕಾಣಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ನಿಜವನ್ನೇ ಹೇಳಿದರು: "ಅಮ್ಮಾ, ನನ್ನದೇನೂ ಇಲ್ಲ. ಅಲ್ಲಿ ಮೂಲೇಲಿ ಹೊಸ ವಾಲ್ವು ಬಿದ್ದಿದೆ ನೋಡಿ. ಅದನ್ನ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ."

"ಎಷ್ಟು ವಿನಯ!" ಎಂದಳು ಆಕೆ ಯಜಮಾನರ ಕಡೆ ತಿರುಗಿ. "ಹೊಸದು ಹಾಕ್ತೀರೋ ಹಳೇದೇ ಇರುತ್ತೋ ನೀವೇ ತೂಗಿ ನೋಡಿ. ನಮಗೆ ನೀರು ಪೋಲಾಗ್ಬಾರ್ದು, ಅಷ್ಟೇ. ಆರ್ಡರು ಮೊದಲಿನ ಹಾಗೇ ನಿಮಗೇ. ಇವರದ್ದೊಂದು ಫೋಟೋ ತೆಗೀತೀನಿ, ನಮ್ಮ ಅಂಗಡಿಗಳಲ್ಲಿ ಹಾಕೋಕೆ. ಮತ್ತೆ ಬಂದಾಗಲೂ ಇವರನ್ನ ನೋಡಬೇಕು ನಾನು."

ಫೋಟೋ ತೆಗೆದು ಆಕೆ ಹೋದಳು. ಆಮೇಲೆ ಫಿಟ್ಟರ್ ಸರಿಯಾದ ಚಕ್ರ ಮುಚ್ಚಿ, ರಾಯರ ಬೆರಳುಗಳನ್ನು ಪೈಪಿನಿಂದ ಒಂದೊಂದಾಗಿ ಬಿಡಿಸಿದ.

ಒಂದು ದೊಡ್ಡ ಟವೆಲು ಹೊದ್ದು, ಕಾರ್ಪೆಟ್ಟಿನ ಮೇಲೆ ನೀಲಿ ಹೆಜ್ಜೆ ಮೂಡಿಸುತ್ತ ರಾಯರು ಯಜಮಾನರ ಕೋಣೆಗೆ ಹೋದರು. ಬೈಗುಳ ಕಾದಿದೆ ಎಂದುಕೊಂಡಿದ್ದರು. ನೋಡಿದರೆ ಯಜಮಾನರ ಮುಖ ಹೂವಿನಂತೆ ಅರಳಿತ್ತು.

"ಬನ್ನಿ ಬನ್ನಿ. ಆ ಯಂತ್ರದಲ್ಲಿ ನನ್ನ ಪಾಲಿನ ಅರ್ಧ ಖರ್ಚು ಉಳೀತು, ಆರ್ಡರೂ ಉಳೀತು. ಕೂತ್ಕೊಳ್ಳಿ... ಬೇಡ, ನಿಂತೇ ಇರಿ, ಕುರ್ಚಿಗೆ ಬಣ್ಣ ಆಗುತ್ತೆ. ಈಗ ವಾಲ್ವಿನ ವಿಷಯ. ನೀವು ಇಷ್ಟು ವರ್ಷ ಕಲಿಸಿಕೊಟ್ಟ ಹಾಗೇ ತೂಗಿ ನೋಡಿದೆ ನಾನು."

ರಾಯರು ಟವೆಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

"ಹೊಸ ವಾಲ್ವು ಹಾಕ್ಬೇಕಂದ್ರೆ ಮತ್ತೆ ಅರ್ಧ ದಿನ ಕೆಲಸ ನಿಲ್ಲಿಸ್ಬೇಕು. ಅದು ಖರ್ಚು. ಹಾಕದೇ ಇದ್ರೆ ಆ ವಾಲ್ವನ್ನ ಮಾರಬಹುದು. ಅದು ಲಾಭ. ಹಳೇದನ್ನ ಹಿಡ್ಕೊಂಡು ನಿಲ್ಲೋದಕ್ಕೆ ಒಬ್ಬರು ಬೇಕು, ನಿಜ. ಆದರೆ ನಿಮಗೆ ಸಂಬಳ..." ಯಜಮಾನರು ಪ್ರೀತಿಯಿಂದ ನಕ್ಕರು. "ಹೇಗೂ ಕೊಡ್ತಾ ಇದ್ದೀವಲ್ಲ!"

"ಸ್ವಾಮೀ, ಹೊಸದರ ಖರ್ಚು, ಅರ್ಧ ದಿನದ ಖರ್ಚು, ಎಲ್ಲಾ ನನ್ನ ಸಂಬಳದಲ್ಲೇ ಹಿಡ್ಕೊಳ್ಳಿ" ಎಂದರು ರಾಯರು ಕೈಮುಗಿದು. ತಮ್ಮ ತಕ್ಕಡಿಯಲ್ಲಿ ತಾವೇ ಕೂತದ್ದು ಅದೇ ಮೊದಲಾದ್ದರಿಂದ ತಲೆ ತಿರುಗುತ್ತಿತ್ತು.

"ಹಿಡ್ಕೋಬಹುದು. ಆದ್ರೆ ಸೋರೋದು ನಿಂತುಹೋದ್ರೆ ನಿಮ್ಮ ವಿಭಾಗಕ್ಕೆ ಏನು ಕೆಲಸ? ಕೆಲಸ ಇಲ್ಲದ ವಿಭಾಗಕ್ಕೆ ಸಂಬಳ ಯಾಕೆ? ಅತ್ತ ನಿಮ್ಮ ಹಳೇ ಮೇಜಿಗೆ ಕಂಪ್ಯೂಟರ್ ಬರ್ತಾ ಇದೆ. ಯೋಚನೆ ಮಾಡಿ ನೋಡಿ."

"ನನ್ನ ವಿಭಾಗ?"

"ಮಾತು ಕೊಟ್ಟಿದ್ನಲ್ಲ, ತಪ್ಪೋನಲ್ಲ ನಾನು" ಎಂದು ಯಜಮಾನರು ಮೇಜಿನ ಕೆಳಗಿಂದ ಬೋರ್ಡೊಂದನ್ನು ತೆಗೆದು ಕೊಟ್ಟರು. ಬಿಳಿ ಬೋರ್ಡು, ಕಪ್ಪು ಅಕ್ಷರ: ಜಲ ಸಂರಕ್ಷಣಾ ವಿಭಾಗ, ಮುಖ್ಯಸ್ಥರು. "ಮೊದಲೇ ಬರೆಸಿಟ್ಟಿದ್ದೆ. ದುಡ್ಡು ಹೇಗೂ ಕೊಟ್ಟಾಗಿದೆ, ಸುಮ್ಮನೆ ಯಾಕೆ ಹಾಳು ಮಾಡೋದು?"

ಇಳಿಬಿಸಿಲಿನ ಹೊತ್ತಿಗೆ ಬಣ್ಣದ ಮನೆಯಲ್ಲಿ ವಾಲ್ವಿನ ಪಕ್ಕ ಒಂದು ಸ್ಟೂಲು ಬಂದಿತ್ತು. ಬಾಗಿಲು ದೂರವಾದ್ದರಿಂದ ಬೋರ್ಡನ್ನು ಪೈಪಿಗೇ ತೂಗುಹಾಕಿದ್ದರು. ಫಿಟ್ಟರ್ ಹಳೆಯ ವಾಲ್ವನ್ನು ಒಂದಿಷ್ಟು ನೇರ ಕೂರಿಸಿ ಧಾರೆಯನ್ನು ಮತ್ತೆ ಹೆಬ್ಬೆರಳು ಗಾತ್ರಕ್ಕೆ ತಂದಿದ್ದ. ಅದರ ಮೇಲೆ ಎಡಗೈ ಒತ್ತಿಕೊಂಡು ಕೂತ ಮುಖ್ಯಸ್ಥರು ಬಲಗೈಯಲ್ಲಿ ಫೋನು ಎತ್ತಿದರು.

"ಏನಾಯ್ತು? ಆಯ್ತಾ?" ಹೆಂಡತಿಯ ದನಿಯಲ್ಲಿ ಜೀವವೆಲ್ಲ ಇತ್ತು. "ಅಣ್ಣ ಇಲ್ಲೇ ಪಕ್ಕದಲ್ಲೇ ಕೂತಿದಾನೆ."

"ಆಯ್ತು ಕಣೆ."

"ಬೋರ್ಡು?"

"ಹಾಕಿದ್ರು."

"ಕೋಣೆ ದೊಡ್ಡದಾ?"

ರಾಯರು ಸುತ್ತ ನೋಡಿದರು. "ತುಂಬಾ ದೊಡ್ಡದು. ಕಿಟಕಿಯೂ ಇದೆ. ಒಳಗೇ ನೀರಿದೆ."

ಆ ಕಡೆ ಹೆಂಡತಿ ಅಣ್ಣನಿಗೆ "ಕೇಳಿದ್ಯಾ, ಒಳಗೇ ನೀರಂತೆ!" ಎಂದದ್ದು ಕೇಳಿಸಿತು. ಕೋಣೆಯ ಫೋಟೋ ಆಮೇಲೆ ಕಳಿಸುತ್ತೇನೆಂದು ಹೇಳಿ ರಾಯರು ಫೋನಿಟ್ಟರು. ತಪಾಸಣೆಯ ಅಮ್ಮ ತೆಗೆದ ಫೋಟೋ ಗಿರಾಕಿಯ ಅಂಗಡಿಗಳಲ್ಲೆಲ್ಲ ತೂಗಲಿದೆ, ಭಾವ ಟವೆಲು ಕೊಳ್ಳುವುದು ಅಲ್ಲೇ ಎಂಬುದು ಆಮೇಲೆ ನೆನಪಾಯಿತು.

ಎಲ್ಲರೂ ಮನೆಗೆ ಹೊರಟರು. ಬಣ್ಣದಕ್ಕ ಹೋಗುವಾಗ ನೆಲ ನೋಡಿಕೊಂಡು ನಡೆದಳು. "ಹುಷಾರು ರಾಯರೇ, ಇಲ್ಲಿ ಜಾರುತ್ತೆ. ಬಿದ್ರೆ ಕಾಯಿಲೆ ರಜ ಹೇಗೂ ಇದೆ" ಎಂದಳು.

ಕೊನೆಗೆ ಉಳಿದವನು ಫಿಟ್ಟರ್. ಬೆಳಗಿನ ಕೋಪವೆಲ್ಲ ಇಳಿದಿತ್ತು. ನೀಲಿ ಬಣ್ಣದ ಮುದುಡಿದ ಆ ಆಕಾರವನ್ನು ನೋಡಿ ಅವನಿಗೆ ನಿಜವಾಗಿಯೂ ಮರುಕ ಹುಟ್ಟಿತು. ಅತ್ತಿತ್ತ ನೋಡಿ, ಅಂಗಿಯೊಳಗಿನಿಂದ ಒಂದು ಕಬ್ಬಿಣದ ಪಟ್ಟಿಯನ್ನೂ ಸ್ಪ್ಯಾನರನ್ನೂ ತೆಗೆದು ಪಿಸುಗುಟ್ಟಿದ: "ಯಾರೂ ಇಲ್ಲ, ಕೈ ತೆಗೀರಿ ರಾಯರೇ. ಈ ಪಟ್ಟಿ ಸುತ್ತಿ ಒಂದೆರಡು ತಿರುವು ಬಿಗಿ ಮಾಡ್ತೀನಿ. ಜನ್ಮದಲ್ಲಿ ಸೋರಲ್ಲ. ಒಂದು ಕಾಸೂ ಖರ್ಚಿಲ್ಲ."

ಹೇಗೂರಾಯರು ಚಂಗನೆ ಎದ್ದು ಪೈಪನ್ನು ಬೆನ್ನ ಹಿಂದೆ ಹಾಕಿಕೊಂಡು ಅಡ್ಡ ನಿಂತರು.

"ಮುಟ್ಟಬೇಡ ಕಣಯ್ಯಾ! ದಮ್ಮಯ್ಯ ಅಂತೀನಿ, ಸ್ಪ್ಯಾನರ್ ಒಳಗಿಡು. ಅದರ ಪಾಡಿಗೆ ಅದು ಸೋರ್ಲಿ. ಹೇಗೂ..."

ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಎಡಗೈ ಸೋತಿದ್ದರಿಂದ ಬಲಗೈ ಇಟ್ಟು ಕೂತರು.